ಇನ್ನೂ ಹುಟ್ಟದ ಊರಿನ ವರ್ಣನೆ

ಕಂಪನಿ ನಾಟಕಗಳ ಕಾಲದಲ್ಲಿ ಬೀದಿಯ ಪರದೆ, ಅರಮನೆಯ ಪರದೆ, ಕಾಡಿನ ಪರದೆ, ಸೆರೆಮನೆಯ ಪರದೆ ಎಂದು ನಾಲ್ಕಾರು ಪರದೆಗಳಿದ್ದರೆ ಸಣ್ಣ ಮಂಡಳಿಯೊಂದರ ಸಂಸಾರ ಸಾಗಿಹೋಗುತ್ತಿತ್ತು. ಹರಿಶ್ಚಂದ್ರನ ಕಾಶಿಗೂ ಸದಾರಮೆಯ ಪಟ್ಟಣಕ್ಕೂ ಒಂದೇ ಬೀದಿ ಸಾಕಾಗುತ್ತಿತ್ತು. ಅದಕ್ಕಾಗಿ ಯಾರೂ ಆಕ್ಷೇಪಣೆ ಎತ್ತಿದವರಲ್ಲ. ನಟನ ಕಂಠವಿತ್ತು, ಹಾರ್ಮೋನಿಯಂ ಇತ್ತು, ಕಥೆಯಂತೂ ಎಲ್ಲರಿಗೂ ಗೊತ್ತಿದ್ದದ್ದೇ. ಪರದೆ ಬರೆದವನ ಹೆಸರು ಕೇಳುವ ಗೋಜಿಗೆ ಯಾರು ಹೋದಾರು?

ವಿಜ್ಞಾನಕಥೆಯ ಚಲನಚಿತ್ರಗಳಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಅಲ್ಲಿ ಪರದೆ ಮೊದಲು, ನಟ ಆಮೇಲೆ. ಕಥೆಯ ಎರಡನೆಯ ಕರಡು ಸಿದ್ಧವಾಗುವ ಮೊದಲೇ ಒಬ್ಬ ಚಿತ್ರಕಾರನನ್ನು ಕರೆಸಿ, 'ಈ ಊರು ಹೇಗಿರುತ್ತದೆ, ಬರೆದು ತೋರಿಸಿ' ಎನ್ನುತ್ತಾರೆ. ಅವನು ಬರೆದ ಹಾಳೆಗಳನ್ನು ಮುಂದಿಟ್ಟುಕೊಂಡು ನಿರ್ದೇಶಕ ಯೋಚಿಸುತ್ತಾನೆ, ಬಡಗಿ ಅಳತೆ ಹಿಡಿಯುತ್ತಾನೆ, ಹಣ ಹಾಕುವವನು ಚೀಲ ಬಿಚ್ಚುತ್ತಾನೆ. ಇದನ್ನು ಆ ವೃತ್ತಿಯವರು ಕಾನ್ಸೆಪ್ಟ್ ಆರ್ಟ್ ಎಂದು ಕರೆಯುತ್ತಾರೆ, ನಾವು ಕಲ್ಪನಾಚಿತ್ರವೆನ್ನಬಹುದು. ಇದು ಗೋಡೆಗೆ ತೂಗುಹಾಕುವುದಕ್ಕೆಂದು ಬರೆದದ್ದಲ್ಲ. ಕೆಲಸವಾದ ಮೇಲೆ ಕಪಾಟಿನಲ್ಲಿ ಮೂಲೆ ಸೇರಬೇಕಾದದ್ದು. ಆದರೂ ಕಳೆದ ನೂರು ವರ್ಷಗಳಲ್ಲಿ ನಾಳೆ ಎಂದೊಡನೆ ಜನರ ಕಣ್ಣ ಮುಂದೆ ಕಟ್ಟುವ ಚಿತ್ರ ಯಾವುದೋ, ಅದು ಬಹಳ ಮಟ್ಟಿಗೆ ಈ ಕಪಾಟಿನಿಂದ ಬಂದದ್ದು.

ಒಂದು ನಿದರ್ಶನ ಸಾಕು. ಜಾರ್ಜ್ ಲೂಕಾಸ್ ತನ್ನ 'ಸ್ಟಾರ್ ವಾರ್ಸ್' ಕಥೆಯನ್ನು ಬಾಯಲ್ಲಿ ಹೇಳಿದಾಗ ಸ್ಟುಡಿಯೋದ ಯಜಮಾನರಿಗೆ ತಲೆಬುಡ ತಿಳಿಯುವಂತಿರಲಿಲ್ಲ. ಆತ ರಾಲ್ಫ್ ಮೆಕ್ವಾರಿ ಎಂಬ ಚಿತ್ರಕಾರನಿಂದ ೧೯೭೫ರಲ್ಲಿ ಕೆಲವು ವರ್ಣಚಿತ್ರಗಳನ್ನು ಬರೆಸಿದ. ಮೆಕ್ವಾರಿ ಹಿಂದೆ ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ಯಂತ್ರಭಾಗಗಳ ಚಿತ್ರ ಬರೆಯುತ್ತಿದ್ದವನು. ಫಾಕ್ಸ್ ಸಂಸ್ಥೆ ಹಣ ಕೊಡಲು ಒಪ್ಪುವುದಕ್ಕೆ ಆ ಚಿತ್ರಗಳು ನೆರವಾದುವೆಂಬುದು ಪ್ರಸಿದ್ಧವಾದ ಸಂಗತಿ. ಅದಕ್ಕಿಂತ ಕುತೂಹಲದ ಮಾತು ಇನ್ನೊಂದಿದೆ. ಖಳನಾಯಕ ಡಾರ್ತ್ ವೇಡರನು ಒಂದು ಹಡಗಿನಿಂದ ಇನ್ನೊಂದಕ್ಕೆ ಗಾಳಿಯಿಲ್ಲದ ಆಕಾಶದ ಮೂಲಕ ಹೋಗಬೇಕೆಂದು ಕರಡಿನಲ್ಲಿ ಓದಿದ ಮೆಕ್ವಾರಿಗೆ ಸಹಜವಾದ ಸಂದೇಹ ಬಂತು: ಇವನು ಉಸಿರಾಡುವುದು ಹೇಗೆ? ಅದಕ್ಕಾಗಿ ಮುಖಕ್ಕೊಂದು ಉಸಿರಾಟದ ಮುಖವಾಡ ಬರೆದ. ಆ ಸನ್ನಿವೇಶದ ಅಗತ್ಯ ತೀರಿಹೋಯಿತು, ಮುಖವಾಡ ಉಳಿಯಿತು. ಮುಖವಾಡದೊಳಗಿನ ಆ ಏದುಸಿರೇ ಪಾತ್ರದ ಜೀವಾಳವಾಯಿತು. ಬರಹಗಾರ ಕೊಡದೆ ಇದ್ದ ಗುಣವನ್ನು ಚಿತ್ರಕಾರನ ಒಂದು ವ್ಯಾವಹಾರಿಕ ಪ್ರಶ್ನೆ ತಂದುಕೊಟ್ಟಿತು.

ನಮ್ಮ ಆಲಂಕಾರಿಕರು ವಿಭಾವವನ್ನು ಎರಡಾಗಿ ಒಡೆದರಷ್ಟೆ. ಯಾರನ್ನು ಕುರಿತು ಭಾವ ಹುಟ್ಟುತ್ತದೋ ಅದು ಆಲಂಬನ. ಆ ಭಾವವನ್ನು ಕೆರಳಿಸುವ ಬೆಳದಿಂಗಳು, ಉದ್ಯಾನ, ತಂಗಾಳಿ ಮುಂತಾದುವು ಉದ್ದೀಪನ. ದುಷ್ಯಂತ ಶಕುಂತಲೆಯರು ಇಲ್ಲದೆ ಕಣ್ವಾಶ್ರಮದ ಬಳ್ಳಿಗಳಿಂದ ಶೃಂಗಾರ ಹುಟ್ಟದು. ಆದರೆ ಈ ಬಗೆಯ ಚಿತ್ರಗಳಲ್ಲಿ ನಮ್ಮ ಅಚ್ಚರಿ, ನಮ್ಮ ದಿಗಿಲು ಯಾವುದನ್ನು ಕುರಿತು ಹುಟ್ಟುತ್ತದೆ? ನಾಯಕನನ್ನು ಕುರಿತಲ್ಲ. ನಾಯಕ ಎಷ್ಟೋ ಸಲ ಒಂದು ಕೋಟು, ಒಂದು ಪಿಸ್ತೂಲು ಮಾತ್ರ. ಅದ್ಭುತ ಭಯಾನಕಗಳೆರಡಕ್ಕೂ ಆಲಂಬನವಾಗಿ ನಿಲ್ಲುವುದು ಆ ಲೋಕ, ಆ ನಗರ. ಹಿನ್ನೆಲೆಯೆಂದು ಕರೆದದ್ದು ಇಲ್ಲಿ ಮುನ್ನೆಲೆ. ಹೀಗಿರಲು ವಿಮರ್ಶಕನಾದವನು ಅಭಿನಯ ಹೇಗಿತ್ತು, ಕಥೆ ಹೇಗಿತ್ತು ಎಂದಷ್ಟೇ ಬರೆದು, 'ದೃಶ್ಯಸಜ್ಜಿಕೆ ಅದ್ದೂರಿಯಾಗಿದೆ' ಎಂಬ ಒಂದು ವಾಕ್ಯದಿಂದ ಈ ಭಾಗವನ್ನು ಮುಗಿಸಿದರೆ ಮೂಲಕ್ಕೇ ಕೈಹಾಕಿದಂತಾಗಲಿಲ್ಲ. ಊರು ಹೇಗಿದೆ, ಏಕೆ ಹಾಗಿದೆ, ಹಾಗಿರುವುದರಿಂದ ಏನು ಅರ್ಥ ಹೊರಡುತ್ತದೆ ಎಂದು ಕಾವ್ಯವನ್ನು ಓದುವಂತೆ ಓದಬೇಕು.

ಮೊದಲನೆಯ ಊರು ಬರ್ಲಿನಿನಲ್ಲಿ ಹುಟ್ಟಿತು. ಫ್ರಿಟ್ಸ್ ಲಾಂಗನ 'ಮೆಟ್ರೊಪೊಲಿಸ್' ತೆರೆ ಕಂಡದ್ದು ೧೯೨೭ರ ಜನವರಿಯಲ್ಲಿ. ಬರೆದಾಕೆ ಅವನ ಹೆಂಡತಿ ಥೇಆ ಫಾನ್ ಹಾರ್ಬೂ. ಊರನ್ನು ಕಟ್ಟಿದವರು ಒಟ್ಟೊ ಹುಂಟೆ, ಎರಿಕ್ ಕೆಟ್ಟೆಲ್‌ಹುಟ್, ಕಾರ್ಲ್ ಫೋಲ್‌ಬ್ರೆಖ್ಟ್ ಎಂಬ ಮೂವರು. ಕೆಟ್ಟೆಲ್‌ಹುಟ್ಟನ ಮೊದಲ ಚಿತ್ರದಲ್ಲಿ ನಗರದ ನಟ್ಟನಡುವೆ ಒಂದು ಇಗರ್ಜಿಯಿತ್ತು. ಅದು ಬೇಡ, ಅಲ್ಲಿ ಬೇಬೆಲಿನ ಗೋಪುರವಿರಲಿ ಎಂದು ನಿರ್ದೇಶನ ಬಂತು. ಒಂದು ಕಟ್ಟಡವನ್ನು ತೆಗೆದು ಇನ್ನೊಂದನ್ನು ಇಟ್ಟದ್ದರಿಂದ ಊರಿನ ದೇವರೇ ಬದಲಾಯಿಸಿದಂತಾಯಿತು. ಇನ್ನು ಆ ಊರಿನಲ್ಲಿ ಎತ್ತರವೇ ಅಧಿಕಾರ. ಮೇಲೆ ಯಜಮಾನರ ತೋಟಗಳು, ನೆಲದಡಿಯಲ್ಲಿ ಕೂಲಿಗಳ ಮನೆಗಳು, ಅದಕ್ಕೂ ಅಡಿಯಲ್ಲಿ ಪುರಾತನ ಸಮಾಧಿಗಳ ಸುರಂಗ. ಸಣ್ಣ ಮಾದರಿಯ ಕಟ್ಟಡಗಳನ್ನು ಕನ್ನಡಿಯಲ್ಲಿ ಪ್ರತಿಫಲಿಸಿ ಜೀವಂತ ನಟರೊಡನೆ ಒಂದೇ ಚೌಕಟ್ಟಿನಲ್ಲಿ ಹೊಂದಿಸುವ ಉಪಾಯವನ್ನು ಷುಫ್ಟಾನ್ ಎಂಬಾತ ಬಳಸಿದ್ದೂ ಈ ಚಿತ್ರಕ್ಕೇ.

ಎಚ್. ಜಿ. ವೆಲ್ಸ್ ಆ ವರ್ಷವೇ ಈ ಚಿತ್ರವನ್ನು ಕುರಿತು ಒಂದು ಕಟುವಾದ ವಿಮರ್ಶೆ ಬರೆದು, ಇಷ್ಟು ಪೆದ್ದಾದ ಚಿತ್ರ ಇನ್ನೊಂದಿಲ್ಲವೆಂದು ಝಾಡಿಸಿದ. ಮೇಲೊಂದು ವರ್ಗ, ಕೆಳಗೊಂದು ವರ್ಗ ಎಂದು ನೆಟ್ಟಗೆ ಪೇರಿಸಿದ ನಗರ ಆಗಲೇ ಹಳಸಲು ಕಲ್ಪನೆ, ನಿಜವಾದ ನಗರಗಳು ಹೊರಕ್ಕೆ ಹರಡಿಕೊಳ್ಳುತ್ತಿವೆ ಎಂಬುದು ಅವನ ವಾದ. ವಾದ ಸರಿಯಾಗಿಯೇ ಇತ್ತು. ನಗರಗಳು ಹರಡಿದುವು. ಆದರೂ ವೆಲ್ಸನ ವಿಮರ್ಶೆಯನ್ನು ಇಂದು ಓದುವವರು ಎಷ್ಟು ಮಂದಿ? ಕೆಟ್ಟೆಲ್‌ಹುಟ್ಟನ ಗೋಪುರವನ್ನು ಕಂಡವರು ಎಷ್ಟು ಮಂದಿ? ಚಿತ್ರವನ್ನು ಅದು ಸುಳ್ಳೆಂದು ಸಾಧಿಸಿ ಸೋಲಿಸುವುದು ಸಾಧ್ಯವಿಲ್ಲ. ಅದು ಮುನ್ನರಿವಲ್ಲ, ರೂಪಕ. ಕಾಣೆಯಾಗಿದ್ದ ಭಾಗಗಳು ೨೦೦೮ರಲ್ಲಿ ಬ್ಯೂನಸ್ ಐರಿಸಿನಲ್ಲಿ ಸಿಕ್ಕಿ, ೨೦೧೦ರಲ್ಲಿ ಹೆಚ್ಚುಕಡಿಮೆ ಪೂರ್ಣವಾದ ಪ್ರತಿ ಹೊರಬಂದಾಗ ಜಗತ್ತಿನಾದ್ಯಂತ ಜನ ಅದನ್ನು ಹೊಸ ಚಿತ್ರವೆಂಬಂತೆ ನೋಡಿದರು.

ನನಗೆ ಮಾತ್ರ ಆ ನಗರದಲ್ಲಿ ಒಂದು ಕೊರತೆ ಕಾಣುತ್ತದೆ. ಅಲ್ಲಿ ಯಾರೂ ವಾಸವಾಗಿಲ್ಲ. ಹಳೆಯ ಇಗರ್ಜಿಯೊಂದನ್ನೂ ಯಂತ್ರಪುರುಷನನ್ನು ಮಾಡಿದ ವಿಜ್ಞಾನಿಯ ಮುರುಕು ಮನೆಯೊಂದನ್ನೂ ಬಿಟ್ಟರೆ ಊರೆಲ್ಲ ನಿನ್ನೆ ಬೆಳಗ್ಗೆ ಕಟ್ಟಿ ಮುಗಿಸಿದಂತಿದೆ. ಗೋಡೆಗೆ ಕಲೆಯಿಲ್ಲ, ಕಿಟಕಿಗೆ ಬಟ್ಟೆ ಒಣಹಾಕಿಲ್ಲ. ಅದೊಂದು ಪ್ರಮೇಯ, ಪ್ರಮೇಯಕ್ಕೆ ವಯಸ್ಸಾಗುವುದಿಲ್ಲ.

ಆ ವಯಸ್ಸನ್ನು ತಂದುಕೊಟ್ಟ ಚಿತ್ರ ಐವತ್ತೈದು ವರ್ಷಗಳ ಮೇಲೆ ಬಂತು: ೧೯೮೨ರ 'ಬ್ಲೇಡ್ ರನ್ನರ್'. ನಿರ್ದೇಶಕ ರಿಡ್ಲಿ ಸ್ಕಾಟ್ ಕಲಾಶಾಲೆಯಲ್ಲಿ ಕಲಿತು ಬಂದವನು, ತನ್ನ ದೃಶ್ಯಗಳನ್ನು ತಾನೇ ಗೀಚಿಕೊಳ್ಳುವವನು. ಉತ್ತರ ಇಂಗ್ಲೆಂಡಿನ ಕಾರ್ಖಾನೆಗಳ ಹೊಗೆ ಬೆಂಕಿಗಳನ್ನು ಹುಡುಗತನದಲ್ಲಿ ಕಂಡವನು. ಲಾಸ್ ಏಂಜಲೀಸ್ ನಗರ, ೨೦೧೯ರ ನವೆಂಬರ್ ತಿಂಗಳು ಎಂದು ಚಿತ್ರ ತೊಡಗುತ್ತದೆ. ಮನುಷ್ಯರೇ ತಯಾರಿಸಿದ ಕೃತಕ ಮನುಷ್ಯರು ಕೆಲವರು ತಪ್ಪಿಸಿಕೊಂಡು ಬಂದಿದ್ದಾರೆ; ಅವರನ್ನು ಹುಡುಕಿ ಕೊಲ್ಲುವ ಕೆಲಸ ಡೆಕರ್ಡ್ ಎಂಬವನದು. ಕಥೆ ಇಷ್ಟೇ. ನೋಡಿ ಬಂದವನ ಮನಸ್ಸಿನಲ್ಲಿ ಉಳಿಯುವುದು ಆ ಊರು: ಎಡೆಬಿಡದ ಮಳೆ, ಎಂದೂ ಬೆಳಗಾಗದ ಬೀದಿ, ಬೆಳಕಿನ ಕಾವಿರುವ ಛತ್ರಿಗಳು, ಮೋಡದ ಕೆಳಗೆ ತೇಲುತ್ತ ಬೇರೆ ಗ್ರಹಗಳಿಗೆ ವಲಸೆ ಹೋಗಿರೆಂದು ಕೂಗುವ ಜಾಹೀರಾತಿನ ವಿಮಾನ.

ಈ ಊರನ್ನು ಬರೆದವನು ಸಿಡ್ ಮೀಡ್. ಹುಟ್ಟಿದ್ದು ೧೯೩೩ರಲ್ಲಿ. ಫೋರ್ಡ್ ಮೋಟಾರು ಸಂಸ್ಥೆಯಲ್ಲಿ ಮುಂದಿನ ಕಾಲದ ಕಾರುಗಳ ರೂಪ ಬರೆಯುತ್ತಿದ್ದು, ಆಮೇಲೆ ಸ್ವತಂತ್ರವಾಗಿ ದುಡಿದವನು. ಅವನನ್ನು ಕರೆಸಿದ್ದು ಚಿತ್ರದ ವಾಹನಗಳನ್ನು ಬರೆಯುವುದಕ್ಕೆ ಮಾತ್ರ. ಆದರೆ ಕಾರನ್ನು ಬಿಳಿಯ ಹಾಳೆಯ ನಡುವೆ ಒಂಟಿಯಾಗಿ ನಿಲ್ಲಿಸುವುದು ಅವನ ಅಭ್ಯಾಸವಾಗಿರಲಿಲ್ಲ. ಕಾರು ಎಂದರೆ ರಸ್ತೆ. ರಸ್ತೆಯೆಂದರೆ ಅದರ ಅಂಚಿನ ಅಂಗಡಿ, ಅಂಗಡಿಯ ಮುಂದೆ ನಿಂತ ಜನ, ಒದ್ದೆ ನೆಲದಲ್ಲಿ ಅವರ ಪ್ರತಿಬಿಂಬ. ಇವನ್ನೆಲ್ಲ ಬರೆದುಕೊಟ್ಟ. ಸ್ಕಾಟ್ ಆ ಹಿನ್ನೆಲೆಯನ್ನು ನೋಡಿ, ಊರನ್ನೂ ನೀವೇ ಬರೆಯಿರಿ ಎಂದ. ಹೀಗೆ ವಾಹನಕ್ಕೆಂದು ಬಂದವನು ಪಟ್ಟಣವನ್ನು ಕಟ್ಟಿದ. ಅವನು ಬರೆದುದನ್ನು ಮರ, ಲೋಹ, ಬಣ್ಣಗಳಿಗೆ ಇಳಿಸಿದವರು ಲಾರೆನ್ಸ್ ಪಾಲ್ ಮತ್ತು ಡೇವಿಡ್ ಸ್ನೈಡರ್. ದೂರದೃಶ್ಯಗಳನ್ನು ಸಾಧಿಸಿದವನು ಡಗ್ಲಸ್ ಟ್ರಂಬುಲ್. ಮೀಡನ ಪದವಿಗೆ ಚಿತ್ರರಂಗದಲ್ಲಿ ಹೆಸರೇ ಇರಲಿಲ್ಲ. 'ವಿಷುಯಲ್ ಫ್ಯೂಚರಿಸ್ಟ್' ಎಂದು ಹೊಸದೊಂದು ಹೆಸರನ್ನು ಹುಟ್ಟಿಸಬೇಕಾಯಿತು. ದೃಶ್ಯಭವಿಷ್ಯಕಾರನೆನ್ನೋಣವೇ? ಪಂಚಾಂಗದವರು ಕೋಪಿಸಿಕೊಳ್ಳದಿರಲಿ.

ಮೀಡನ ಕಲ್ಪನೆಯ ಹಿಂದೆ ಒಂದೇ ಒಂದು ತರ್ಕವಿದೆ, ಅದು ಅರ್ಥಶಾಸ್ತ್ರದ ತರ್ಕ. ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವುದಕ್ಕಿಂತ ಹಳೆಯದಕ್ಕೇ ತೇಪೆ ಹಾಕುವುದು ಅಗ್ಗ. ಆದ್ದರಿಂದ ನಾಳಿನ ಊರು ಹೊಸದಾಗಿರುವುದಿಲ್ಲ. ಇಂದಿನ ಊರೇ ಇನ್ನಷ್ಟು ಹಳೆಯದಾಗಿ, ಮೈಮೇಲೆ ಕೊಳವೆ, ತಂತಿ, ಗಾಳಿಯ ಯಂತ್ರಗಳನ್ನು ಹೊತ್ತುಕೊಂಡು ನಿಂತಿರುತ್ತದೆ. ಶ್ರೀಮಂತರು ಮೇಲಕ್ಕೆ ಹೋದಂತೆಲ್ಲ ಕೆಳಗಿನ ಬೀದಿ ಮೇಲಿನವರ ಮೋರಿಯಾಗುತ್ತದೆ. ಈ ಒಂದು ಸೂತ್ರದಿಂದ ಸಾವಿರ ವಿವರಗಳು ತಾವಾಗಿ ಹೊರಟುವು. ಕಾರು ನಿಲ್ಲಿಸುವ ಕಡೆಯ ಕಾಸಿನ ಯಂತ್ರವನ್ನೂ ಮೀಡ್ ಬಿಡದೆ ಬರೆದ. ಕದಿಯಲು ಬಂದವನಿಗೆ ಅದು ವಿದ್ಯುತ್ತಿನ ಹೊಡೆತ ಕೊಡುತ್ತದೆಂಬ ಎಚ್ಚರಿಕೆಯ ಬರಹ ಅದರ ಮೇಲಿದೆ. ಪ್ರೇಕ್ಷಕ ಅದನ್ನು ಓದಲಾರ, ಓದಬೇಕೆಂದೂ ಅಲ್ಲ. ಆದರೆ ಅದನ್ನು ಬರೆದವನಿಗೆ ಆ ಊರಿನ ಪೋಲೀಸು, ಆ ಊರಿನ ಕಳ್ಳ, ಆ ಊರಿನ ನಗರಸಭೆ ಮೂರೂ ಗೊತ್ತಿರಬೇಕಷ್ಟೆ. ಕವಿಯೊಬ್ಬ ಒಂದು ವಿಶೇಷಣದಲ್ಲಿ ಮಾಡುವ ಕೆಲಸ ಇದು.

ಇಲ್ಲಿ ಒಂದು ವಿನೋದವೂ ಇದೆ. ಈ ಬೀದಿಯನ್ನು ಕಟ್ಟಿದ್ದು ಬರ್ಬ್ಯಾಂಕಿನ ಸ್ಟುಡಿಯೋ ಹಿತ್ತಲಲ್ಲಿ ಹಳೆಯ ಚಿತ್ರಗಳಿಗಾಗಿ ನಿಲ್ಲಿಸಿದ್ದ 'ನ್ಯೂಯಾರ್ಕ್ ಬೀದಿ'ಯ ಮೇಲೆ. ಕೊನೆಗೂ ಅದೇ ಬೀದಿ ಪರದೆ! ಎಷ್ಟೋ ಚಿತ್ರಗಳಲ್ಲಿ ಸವೆದ ಮುಖಮಂಟಪಗಳಿಗೆ ಕೊಳವೆ ಕಟ್ಟಿ, ಮಳೆ ಸುರಿಸಿ, ರಾತ್ರಿ ಮಾಡಿದರು. ಮಳೆ ಇರುಳುಗಳು ಅರ್ಧ ರಸಕ್ಕಾಗಿ, ಅರ್ಧ ಹಲಗೆಯ ಗೋಡೆಯ ಅಂಚು ಕಾಣದಿರಲೆಂದು. ಸೆಬಾಸ್ಟಿಯನ್ ಎಂಬ ಯುವಕನ ಮನೆ ಲಾಸ್ ಏಂಜಲೀಸಿನಲ್ಲಿ ೧೮೯೩ರಲ್ಲಿ ಕಟ್ಟಿದ ಬ್ರಾಡ್‌ಬರಿ ಕಟ್ಟಡ. ಡೆಕರ್ಡನ ಮನೆಯ ಗೋಡೆಗಳಿಗೆ ಮಾದರಿ ಫ್ರಾಂಕ್ ಲಾಯ್ಡ್ ರೈಟ್ ೧೯೨೪ರಲ್ಲಿ ಕಟ್ಟಿದ ಎನ್ನಿಸ್ ಮನೆಯ ಅಚ್ಚುಗಲ್ಲುಗಳು. ಹಳೆಯದರ ಮೇಲೆ ಹೊಸದರ ತೇಪೆ ಎಂಬ ಮೀಡನ ತತ್ವವನ್ನು ಚಿತ್ರ ತಯಾರಿಸಿದ ರೀತಿಯೇ ಆಚರಿಸಿ ತೋರಿಸಿದಂತಿದೆ. ವಸ್ತುವಿಗೂ ವಿಧಾನಕ್ಕೂ ಇಂಥ ಹೊಂದಿಕೆ ಅಪರೂಪ.

ಇಷ್ಟು ಹೊಗಳಿದ ಮೇಲೆ ಆಕ್ಷೇಪಣೆಗಳಿಗೆ ಬರಬೇಕು. ಎರಡಿವೆ, ಎರಡನೆಯದು ಹೆಚ್ಚು ಭಾರವಾದದ್ದು.

ಮೊದಲನೆಯದು ಮೂಲ ಕಾದಂಬರಿಯ ವಿಷಯ. ಫಿಲಿಪ್ ಕೆ. ಡಿಕ್ ೧೯೬೮ರಲ್ಲಿ ಪ್ರಕಟಿಸಿದ 'ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?' ಎಂಬ ಕಾದಂಬರಿಯಲ್ಲಿ ಊರು ಸ್ಯಾನ್ ಫ್ರಾನ್ಸಿಸ್ಕೊ, ಮತ್ತು ಆ ಊರು ಖಾಲಿ. ಯುದ್ಧದ ವಿಷಧೂಳಿಗೆ ಹೆದರಿ ಜನ ಬೇರೆ ಗ್ರಹಗಳಿಗೆ ಹೋಗಿಬಿಟ್ಟಿದ್ದಾರೆ. ದೊಡ್ಡ ವಠಾರವೊಂದರಲ್ಲಿ ಒಬ್ಬನೇ ಒಬ್ಬ ಮನುಷ್ಯ. ಬಾಗಿಲು ತೆರೆದರೆ ಮೌನವೇ ಮೈಮೇಲೆ ಬೀಳುತ್ತದೆ. ಪ್ರಾಣಿಗಳು ಸತ್ತು ಹೋಗಿವೆ, ಜೀವಂತ ಕುರಿಯೊಂದನ್ನು ಸಾಕುವುದು ಪುಣ್ಯವೂ ಹೌದು, ಪ್ರತಿಷ್ಠೆಯೂ ಹೌದು. ಕೈಲಾಗದವರು ವಿದ್ಯುತ್ತಿನ ಕುರಿ ಇಟ್ಟುಕೊಂಡು ನೆರೆಯವರಿಂದ ಗುಟ್ಟು ಮುಚ್ಚಿಡುತ್ತಾರೆ. ಚಿತ್ರದಲ್ಲಿ ಈ ಖಾಲಿತನದ ಜಾಗಕ್ಕೆ ಕಿಕ್ಕಿರಿದ ಜನಜಂಗುಳಿ ಬಂದಿದೆ. ಇದು ಸಣ್ಣ ಬದಲಾವಣೆಯಲ್ಲ. ಕಾದಂಬರಿಯ ಪ್ರಶ್ನೆ, ಯಾರೂ ಇಲ್ಲದ ಲೋಕದಲ್ಲಿ ಮರುಗುವುದು ಎಂದರೇನು ಎಂಬುದು. ಚಿತ್ರದ ಪ್ರಶ್ನೆ, ಎಲ್ಲರೂ ಇರುವ ಲೋಕದಲ್ಲಿ ಒಂಟಿಯಾಗುವುದು ಹೇಗೆ ಎಂಬುದು. ಚಿತ್ರಕಾರನ ಕುಂಚ ಕಾದಂಬರಿಕಾರನ ರೂಪಕವನ್ನು ಅಳಿಸಿ ತನ್ನದನ್ನು ಬರೆಯಿತು. ಕುರಿಗಳೂ ಹೋದುವು, ಒಂದು ಗೂಬೆ, ಒಂದು ಹಾವು ಮಾತ್ರ ನೆನಪಿಗೆಂಬಂತೆ ಉಳಿದುವು. ಸೆಬಾಸ್ಟಿಯನ್ನನ ಪಾಳುಕಟ್ಟಡದಲ್ಲಿ ಮಾತ್ರ ಕಾದಂಬರಿಯ ಮೌನ ಅಷ್ಟಿಷ್ಟು ಕೇಳಿಸುತ್ತದೆ. ಚಿತ್ರದಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗವೂ ಅದೇ. ಸೋಜಿಗವೇನೆಂದರೆ, ಡಿಕ್ ೧೯೮೨ರ ಮಾರ್ಚಿಯಲ್ಲಿ, ಚಿತ್ರ ತೆರೆಗೆ ಬರುವ ಮೂರು ತಿಂಗಳು ಮೊದಲು, ತೀರಿಕೊಂಡ. ಅಷ್ಟರಲ್ಲಿ ಕೆಲವು ದೃಶ್ಯಗಳನ್ನು ನೋಡಿದ್ದ, ನೋಡಿ ಸಂತೋಷಪಟ್ಟಿದ್ದ, ತನ್ನ ಮನಸ್ಸಿನಲ್ಲಿದ್ದ ಲೋಕವೇ ಇದು ಎಂದಿದ್ದ. ಕರ್ತೃವೇ ಒಪ್ಪಿದ ಮೇಲೆ ವಿಮರ್ಶಕನ ತಕರಾರೇನು ಎಂದು ಕೇಳಬಹುದು. ಕರ್ತೃವಿನ ಸಂತೋಷ ಬೇರೆ, ಕೃತಿಯ ನಷ್ಟ ಬೇರೆ.

ಎರಡನೆಯ ಆಕ್ಷೇಪಣೆ ನಮ್ಮ ಕಣ್ಣಿಗೆ ಬೀಳದಿದ್ದರೆ ಯಾರ ಕಣ್ಣಿಗೆ ಬಿದ್ದೀತು? ಕೆಟ್ಟುಹೋದ ಲಾಸ್ ಏಂಜಲೀಸ್ ಹೇಗಿದೆ? ಏಷ್ಯದಂತಿದೆ. ಹಾಂಕಾಂಗು ಕೆಟ್ಟ ದಿನವೊಂದರಲ್ಲಿ ಹೇಗಿದ್ದೀತೋ ಹಾಗೆ ತನ್ನ ಊರಿರಬೇಕೆಂದು ಸ್ಕಾಟ್ ಹೇಳಿಕೊಂಡದ್ದುಂಟು. ಎತ್ತರದ ಗೋಡೆಯ ತುಂಬ ಜಪಾನೀ ಹೆಂಗಸಿನ ಮುಖ. ಬೀದಿಯಲ್ಲಿ ಶ್ಯಾವಿಗೆ ಮಾರುವವನು, ಕೃತಕ ಕಣ್ಣು ಮಾಡುವ ಮುದುಕ, ಸೈಕಲ್ಲುಗಳು, ಚೀನೀ ಅಕ್ಷರಗಳ ದೀಪಫಲಕಗಳು. ಅಮೆರಿಕ ಜಪಾನಿನ ಕಾರು ರೇಡಿಯೋಗಳಿಗೆ ಬೆದರಿದ್ದ ಕಾಲ ಅದು. ಆ ಬೆದರಿಕೆಯೆಲ್ಲ ಈ ಗೋಡೆಗಳ ಮೇಲೆ ಬಣ್ಣವಾಗಿ ಇಳಿದಿದೆ. ಬೀದಿ ತುಂಬ ಏಷ್ಯದವರಿದ್ದಾರೆ. ಕಥೆಯ ಪ್ರಧಾನ ಪಾತ್ರಗಳಲ್ಲಿ ಒಬ್ಬರೂ ಇಲ್ಲ. ಪ್ರೀತಿಸುವ, ಸಾಯುವ, ಮಳೆಯಲ್ಲಿ ಕೂತು ಬಾಳಿನ ಅರ್ಥ ಕೇಳುವ ಹಕ್ಕು ಬಿಳಿಯರದು. ಮಳೆಯಲ್ಲಿ ನೆನೆಯುತ್ತ ಶ್ಯಾವಿಗೆ ಬಡಿಸುವುದು ಉಳಿದವರದು.

ಗೋಡೆಗೆ ಜೋತುಬಿದ್ದ ತಂತಿಗಳು, ಒಂದರ ಮೇಲೊಂದು ಹತ್ತಿದ ಫಲಕಗಳು, ಕಾಲಿಡಲು ಸ್ಥಳವಿಲ್ಲದ ಓಣಿ, ಅದರಲ್ಲೇ ನಾಲ್ಕು ಭಾಷೆಗಳ ಚೌಕಾಸಿ—ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸಂಜೆ ನಡೆದವರಿಗೆ ಇದರಲ್ಲಿ ಭಯಪಡುವಂಥದೇನಿದೆ? ಅಲ್ಲಿ ಜನ ಮಗಳ ಮದುವೆಗೆ ಸೀರೆ ಕೊಳ್ಳುತ್ತಾರೆ. ಯಾವುದು ನಮಗೆ ಮಾಮೂಲು ಪೇಟೆಯೋ ಅದು ಇನ್ನೊಬ್ಬರಿಗೆ ನಾಗರಿಕತೆಯ ಕೊನೆಯ ಚಿತ್ರವಾಗುವುದಾದರೆ, ಚಿತ್ರ ಎಷ್ಟೇ ಸುಂದರವಾಗಿರಲಿ, ಅದನ್ನು ಮೆಚ್ಚಿ ಚಪ್ಪಾಳೆ ತಟ್ಟುವ ಮೊದಲು ಒಂದು ಕ್ಷಣ ಕೈ ತಡೆಯಬೇಕು. ಆ ಬೀದಿಯ ಭಾಷೆಯ ವಿಷಯವೂ ಹೀಗೆಯೇ. ಜಪಾನೀ, ಸ್ಪ್ಯಾನಿಷ್, ಜರ್ಮನ್, ಹಂಗೇರಿಯನ್ ಮುಂತಾದುವನ್ನು ಕಲಸಿದ ಒಂದು 'ಊರಮಾತು' ಅಲ್ಲಿದೆ. ಗ್ಯಾಫ್ ಎಂಬ ಪೋಲೀಸಿನವನ ಪಾತ್ರ ವಹಿಸಿದ ನಟ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಅದನ್ನು ಶ್ರಮಪಟ್ಟು ರೂಪಿಸಿದ. ಕಿವಿಗೆ ಚೆನ್ನಾಗಿದೆ. ಆದರೆ ನಾಯಕ ಅದನ್ನು ಬಲ್ಲವನಾದರೂ ಆಡಲೊಲ್ಲ. ಅವನ ಪಾಲಿಗೆ ಅದು ಗಟಾರದ ನುಡಿ. ಭಾಷೆಗಳು ಬೆರೆಯುವುದೇ ಪತನದ ಗುರುತು ಎಂಬ ಈ ಭಾವನೆ, ಗಡಿಯೂರುಗಳಲ್ಲಿ ಮೂರು ಭಾಷೆ ಆಡುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಅರ್ಥವಾಗುವಂಥದಲ್ಲ.

೨೦೧೯ರ ನವೆಂಬರು ಬಂತು, ಹೋಯಿತು. ಕಾರುಗಳು ಹಾರಲಿಲ್ಲ. ಮೀಡ್ ಆ ತಿಂಗಳನ್ನು ಕಂಡು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ. ಭವಿಷ್ಯ ಹೇಳುವುದರಲ್ಲಿ ಗೆದ್ದನೇ ಸೋತನೇ ಎಂದು ಆಗ ಪತ್ರಿಕೆಗಳಲ್ಲಿ ಲೆಕ್ಕ ಹಾಕಿದವರುಂಟು. ವ್ಯರ್ಥವಾದ ಲೆಕ್ಕ. ಕುಬ್ರಿಕ್‌ನ '೨೦೦೧' ಚಿತ್ರವನ್ನು (೧೯೬೮) ತೆಗೆದುಕೊಳ್ಳಿ. ಅದಕ್ಕೆ ಸಲಹೆ ಕೊಟ್ಟ ಲಾಂಗೆ, ಆರ್ಡ್‌ವೇ ಇಬ್ಬರೂ ನಾಸಾದಲ್ಲಿ ದುಡಿದವರು. ಹಡಗಿನ ಒಳಭಾಗಕ್ಕಾಗಿ ಮೂವತ್ತೆಂಟು ಅಡಿ ವ್ಯಾಸದ ತಿರುಗುವ ಚಕ್ರವನ್ನು ನಿಜವಾಗಿಯೇ ಕಟ್ಟಿಸಿದರು. ವಿಜ್ಞಾನದಲ್ಲಿ ಅಷ್ಟು ಎಚ್ಚರ. ಆದರೆ ಚಂದ್ರಯಾನದ ದಾರಿಯಲ್ಲಿ ಪ್ರಯಾಣಿಕರನ್ನು ಕರೆದೊಯ್ಯುವ ವಿಮಾನದ ಮೇಲೆ ಬರೆದಿರುವ ಹೆಸರು ಪ್ಯಾನ್ ಆಮ್. ಆ ಕಂಪನಿ ೧೯೯೧ರಲ್ಲೇ ಬಾಗಿಲು ಹಾಕಿತು. ಇದರಿಂದ ಚಿತ್ರಕ್ಕೇನೂ ಕುಂದಾಗಲಿಲ್ಲ.

ಕುಂದು ಬರುವುದು ಔಚಿತ್ಯ ತಪ್ಪಿದಾಗ. ಕ್ಷೇಮೇಂದ್ರ ಹೇಳುವ ಔಚಿತ್ಯಕ್ಕೆ ಈ ಪ್ರಕಾರದಲ್ಲಿ ಒಳ್ಳೆಯ ಉದಾಹರಣೆ ಬೇಕಾದರೆ ಅದೇ ಸ್ಕಾಟನ ಹಿಂದಿನ ಚಿತ್ರ 'ಏಲಿಯನ್' (೧೯೭೯) ನೋಡಬೇಕು. ಆ ಚಿತ್ರದ ಕೆಲವು ಕಲಾವಿದರು ಮೊದಲು ಒಟ್ಟುಗೂಡಿದ್ದು ಬೇರೊಂದು ಚಿತ್ರಕ್ಕೆ. ಹೊಡೊರೊವ್‌ಸ್ಕಿ ಎಂಬ ನಿರ್ದೇಶಕ ೧೯೭೦ರ ದಶಕದ ನಡುವೆ 'ಡ್ಯೂನ್' ಕಾದಂಬರಿಯನ್ನು ತೆರೆಗೆ ತರಲು ಪ್ಯಾರಿಸಿನಲ್ಲಿ ಕ್ರಿಸ್ ಫಾಸ್, ಮೋಬಿಯಸ್, ಗೀಗರ್ ಮೊದಲಾದವರನ್ನು ಕಲೆಹಾಕಿದ. ರಾಶಿ ಚಿತ್ರಗಳು ಸಿದ್ಧವಾದುವು, ಹಣ ಸಿದ್ಧವಾಗಲಿಲ್ಲ, ಚಿತ್ರ ನಿಂತುಹೋಯಿತು. ಅದೇ ಗುಂಪಿನಲ್ಲಿದ್ದ ಡ್ಯಾನ್ ಒಬ್ಯಾನನ್ 'ಏಲಿಯನ್' ಕಥೆ ಬರೆದಾಗ ಅವರೆಲ್ಲರನ್ನೂ ನೆನೆದ. ಗರ್ಭದಲ್ಲೇ ಸತ್ತ ಕೃತಿಯ ಜೀವ ಇನ್ನೊಂದರಲ್ಲಿ ಹುಟ್ಟಿ ಬಂದ ಹಾಗೆ.

'ಏಲಿಯನ್'ನಲ್ಲಿ ಎರಡು ಲೋಕ, ಎರಡು ಕೈ. ಮನುಷ್ಯರ ಹಡಗಿನ ಒಳಭಾಗ ರಾನ್ ಕಾಬ್ ಎಂಬಾತನದು. ಇಂಜಿನಿಯರನ ಮನಸ್ಸು, ಯಾವ ಬಾಗಿಲಿನ ಹಿಂದೆ ಗಾಳಿಯಿದೆ, ಯಾವುದರ ಹಿಂದೆ ಇಲ್ಲ ಎಂದು ತೋರಿಸುವ ಚಿಕ್ಕ ಚಿಕ್ಕ ಸಂಕೇತಫಲಕಗಳನ್ನು ಕೂಡ ಒಂದು ಲಿಪಿಯಂತೆ ವ್ಯವಸ್ಥೆಗೊಳಿಸಿ ಬರೆದವನು. ಅಲ್ಲಿ ಎಂಜಲು ಲೋಟಗಳಿವೆ, ಸಿಗರೇಟಿದೆ, ಸಂಬಳದ ಜಗಳವಿದೆ. ಅದು ಲಾರಿ ಚಾಲಕರ ಲೋಕ. ಪರಲೋಕದ ಪ್ರಾಣಿಯೂ ಅದರ ಹಾಳು ಹಡಗೂ ಎಚ್. ಆರ್. ಗೀಗರ್ ಎಂಬ ಸ್ವಿಸ್ ಚಿತ್ರಕಾರನವು. ಅವನು ನಿಜವಾದ ಎಲುಬುಗಳನ್ನು ತರಿಸಿ, ಮೆತ್ತುವ ಜೇಡಿಯಲ್ಲಿ ಕೂರಿಸಿ ಗೋಡೆ ಮಾಡಿದ. ಕೊಳವೆಯೋ ಕರುಳೋ, ಕಂಬವೋ ಬೆನ್ನೆಲುಬೋ ಹೇಳಲಾಗದು. ಈ ಎರಡು ಕೈಗಳನ್ನು ಸ್ಕಾಟ್ ಎಲ್ಲಿಯೂ ಕಲಸಲಿಲ್ಲ. ಸಾಮಾನ್ಯ ಲೋಕ ಅಷ್ಟು ಸಾಮಾನ್ಯವಾಗಿರುವುದರಿಂದಲೇ ಆ ಇನ್ನೊಂದು ಒಳಗೆ ಬಂದಾಗ ಎದೆ ನಡುಗುತ್ತದೆ. ಭೀಭತ್ಸವನ್ನು ಎಲ್ಲೆಲ್ಲೂ ಬಳಿದಿದ್ದರೆ ಅದು ಭೀಭತ್ಸವಾಗುತ್ತಿರಲಿಲ್ಲ.

ಈಗ ನಮ್ಮ ಕಾವ್ಯದ ಕಡೆಗೊಮ್ಮೆ ತಿರುಗಿ ನೋಡಬಹುದು. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಬೇಕೆಂದರು: ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಇತ್ಯಾದಿ. ಪಂಪ ೯೪೧ರ ಸುಮಾರಿಗೆ ಬನವಾಸಿಯನ್ನು ವರ್ಣಿಸಿದಾಗ ಅಲ್ಲಿ ಕಣ್ಣಿತ್ತು, ನೆನಪಿತ್ತು, ಆ ನಾಡಿನ ಗಾಳಿಯಿತ್ತು. ಆಮೇಲಿನ ಎಷ್ಟೋ ಕವಿಗಳು ಸಮುದ್ರವನ್ನೇ ಕಾಣದೆ ಸಮುದ್ರವರ್ಣನೆ ಮುಗಿಸಿದರು; ಹಿಂದಿನವನ ಅಲೆಗಳನ್ನೇ ತಾವೂ ಎಣಿಸಿದರು. ಲಕ್ಷಣ ನೆರವೇರಿತು, ಕಾವ್ಯ ಹಿಂದುಳಿಯಿತು. ತರಗತಿಯಲ್ಲಿ ಅಂಥ ಭಾಗಗಳನ್ನು ಓದಿಸುವಾಗ ಹುಡುಗರ ತಲೆ ತೂಗುವುದನ್ನು ನಾನು ತಪ್ಪೆಂದು ಹೇಳಲಾರೆ.

'ಬ್ಲೇಡ್ ರನ್ನರ್' ಬಂದ ಮೇಲೆ ವಿಜ್ಞಾನಚಿತ್ರಕ್ಕೂ ಹೀಗೊಂದು ಲಕ್ಷಣಗ್ರಂಥ ಸಿಕ್ಕಂತಾಯಿತು. ಇರುಳು, ಮಳೆ, ನಿಯಾನ್ ದೀಪ, ಗೋಡೆಯಷ್ಟು ದೊಡ್ಡ ಮುಖ, ಹಾರುವ ಕಾರು, ಬೀದಿಯಂಗಡಿಯ ಹಬೆ. ಮೀಡನಿಗೆ ಇವೆಲ್ಲ ಒಂದು ತರ್ಕದ ಕೊನೆಯಲ್ಲಿ ಬಂದ ಉತ್ತರಗಳಾಗಿದ್ದುವು. ಹಿಂಬಾಲಕರು ಉತ್ತರಗಳನ್ನು ನಕಲು ಮಾಡಿದರು, ಲೆಕ್ಕ ಮಾಡಲಿಲ್ಲ. ೨೦೧೭ರಲ್ಲಿ ಅದೇ ಕಥೆಯ ಮುಂದಿನ ಭಾಗವನ್ನು ಡೆನಿ ವಿಲ್‌ನೆವ್ ತೆಗೆದಾಗ ಮೀಡನನ್ನೇ ಮತ್ತೆ ಕರೆಸಿ, ಪಾಳುಬಿದ್ದ ಲಾಸ್ ವೇಗಾಸ್ ನಗರವನ್ನು ಬರೆಸಿದರು. ಎಂಬತ್ತರ ಆ ಮುದುಕ ತನ್ನ ಮಳೆಯನ್ನು ತಾನೇ ಪುನರುಕ್ತಿ ಮಾಡಲಿಲ್ಲ. ತೆರೆಯ ಮೇಲೆ ಬಂದ ಆ ಊರು ಕೇಸರಿ ಧೂಳಿನ ನಿರ್ಜನ ಪಟ್ಟಣ. ನೋಡುವಾಗ ಡಿಕ್ಕನ ಖಾಲಿ ಊರು ಮೂವತ್ತೈದು ವರ್ಷ ತಡವಾಗಿ ಬಂದಂತೆ ನನಗೆ ಅನ್ನಿಸಿತು.

ಭಾರತದಲ್ಲಿಯೂ ಈಗ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ತೊಡಗಿದೆ. ನಾಗ್ ಅಶ್ವಿನ್ ನಿರ್ದೇಶಿಸಿದ ತೆಲುಗಿನ 'ಕಲ್ಕಿ ೨೮೯೮ ಎ.ಡಿ.' ೨೦೨೪ರಲ್ಲಿ ಬಂತು, ಕನ್ನಡದ ಮಾತು ಜೋಡಿಸಿಕೊಂಡು ನಮ್ಮಲ್ಲಿಯೂ ನಡೆಯಿತು. ಭೂಮಿಯ ಮೇಲೆ ಉಳಿದ ಕೊನೆಯ ಪಟ್ಟಣ ಕಾಶಿ. ಅದರ ಮೇಲೆ ಆಕಾಶದಲ್ಲಿ ತಲೆಕೆಳಗಾದ ಪಿರಮಿಡ್ಡಿನಂತೆ ತೂಗುವ 'ಕಾಂಪ್ಲೆಕ್ಸ್'. ನೀರು ಹಸಿರುಗಳೆಲ್ಲ ಅದರೊಳಗೆ. ಸಾಹಸಕ್ಕೆ ಮೆಚ್ಚಬೇಕು. ಆದರೆ ಪಿರಮಿಡ್ಡನ್ನು ತಲೆಕೆಳಗು ಮಾಡಿದರೂ ಅದು ಲಾಂಗನ ಮೇಲುಕೆಳಗೇ, ಸ್ಕಾಟನ ಪಿರಮಿಡ್ಡೇ. ಕಾಶಿಯನ್ನು ಆರಿಸಿಕೊಂಡದ್ದು ನಿಜವಾಗಿ ಪ್ರತಿಭೆಯ ಹೊಳಹು. ಹಳೆಯದರ ಮೇಲೆ ತೇಪೆ, ತೇಪೆಯ ಮೇಲೆ ತೇಪೆ ಎಂದು ಮೀಡ್ ಊಹಿಸಿ ಬರೆದದ್ದನ್ನು ಶತಮಾನಗಳಿಂದ ಮೈಯಲ್ಲಿ ಹೊತ್ತು ನಿಂತ ಊರು ಅದು. ಅದರ ಗಲ್ಲಿಗಳಲ್ಲಿ ಚಿತ್ರಕಾರನೊಬ್ಬ ಹಾಳೆ ಹಿಡಿದು ಆರು ತಿಂಗಳು ಕೂತಿದ್ದರೆ ಏನು ಬರುತ್ತಿತ್ತೋ! ತೆರೆಯ ಮೇಲೆ ನಾವು ಕಂಡದ್ದು ಮರಳು, ತುಕ್ಕು, ಆಯುಧಗಳು. ಹೆಸರು ಕಾಶಿಯಾಗಿರದೆ ಬೇರೇನಾಗಿದ್ದರೂ ಆ ಬೀದಿಗಳಲ್ಲಿ ಬಹಳ ವ್ಯತ್ಯಾಸವಾಗುತ್ತಿರಲಿಲ್ಲ.

ಇದಕ್ಕೆ ಬಹಳ ಹಿಂದೆ, ೧೯೬೭ರಲ್ಲಿ, ಸತ್ಯಜಿತ್ ರಾಯ್ ಒಂದು ಚಿತ್ರಕಥೆ ಬರೆದಿದ್ದರು. ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತ ಬಂದ ಅವರು ತಮ್ಮ ಚಿತ್ರಗಳ ದೃಶ್ಯ, ಉಡುಪು, ಭಿತ್ತಿಪತ್ರಗಳನ್ನು ತಾವೇ ಬರೆದುಕೊಳ್ಳುತ್ತಿದ್ದವರು. ಆ ಕಥೆಯಲ್ಲಿ ಬೇರೆ ಲೋಕದ ಹಡಗು ಇಳಿಯುವುದು ನ್ಯೂಯಾರ್ಕಿನಲ್ಲೂ ಅಲ್ಲ, ಕಲ್ಕತ್ತೆಯಲ್ಲೂ ಅಲ್ಲ. ಬಂಗಾಳದ ಹಳ್ಳಿಯೊಂದರ ತಾವರೆಯ ಕೊಳದಲ್ಲಿ. ನೀರಿನ ಮೇಲೆ ಕಾಣುವುದು ಅದರ ತುದಿ ಮಾತ್ರ. ಹಳ್ಳಿಯವರು ಮುಳುಗಿದ್ದ ದೇವಾಲಯ ಮೇಲೆದ್ದಿತೆಂದು ತಿಳಿದು ಪೂಜೆಗೆ ತೊಡಗುತ್ತಾರೆ. ಮಳೆಯಿಲ್ಲ, ನಿಯಾನ್ ಇಲ್ಲ, ಉಕ್ಕಿನ ಗೋಪುರವಿಲ್ಲ. ಒಂದು ಕೊಳ, ಒಂದು ಕಳಶ, ದಡದಲ್ಲಿ ಕೈಮುಗಿದ ಜನ. ಅಮೆರಿಕದ ಕೊಲಂಬಿಯಾ ಸಂಸ್ಥೆ ಒಪ್ಪಿಕೊಂಡಿತ್ತು, ಪೀಟರ್ ಸೆಲ್ಲರ್ಸ್ ಪಾತ್ರ ವಹಿಸುವ ಮಾತಾಗಿತ್ತು. ಆದರೆ ಚಿತ್ರ ಆಗಲಿಲ್ಲ. ರಾಯರ ಚಿತ್ರಕಥೆಯೂ ಪರಲೋಕದ ಆ ಪುಟ್ಟ ಜೀವಿಯನ್ನು ಅವರು ಗೀಚಿದ ರೇಖೆಗಳೂ ಉಳಿದಿವೆ.